ಪಾಯಿಂಟ್ಸ್, ಲೋ ಕಾರ್ಬ್, ಇಲ್ಲಾ ಎರಡರ ಕಲಬೆರಕೆ: ನನಗೆ ಒಗ್ಗಿದ್ದು ಮೂರನೆಯದು

ತೂಕ ಇಳಿಸಲು ನಾನು ಮಾಡಿದ ಪಥ್ಯಗಳ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಕಲಬೆರಕೆ. ಅಂದರೆ ತಟ್ಟೆ ಲೋ ಕಾರ್ಬ್‌ನದು (ಅನ್ನ, ಬ್ರೆಡ್, ಸಿಹಿಯಲ್ಲಿರುವ ಕಾರ್ಬೋಹೈಡ್ರೇಟ್ ಕಡಿಮೆ), ಪಾಯಿಂಟ್ ಲೆಕ್ಕ ಕೊಬ್ಬಿನ ಪದಾರ್ಥಗಳಿಗೆ ಮಾತ್ರ. ಇಲ್ಲಿಗೆ ಬರುವ ಮುಂಚೆ ಮೂರು ತಿಂಗಳು ಬರೀ ಪಾಯಿಂಟ್ಸ್ ಮಾಡಿದೆ, ಆಮೇಲೆ ಎರಡೂವರೆ ತಿಂಗಳು ಬರೀ ಲೋ ಕಾರ್ಬ್. ಎರಡರಲ್ಲೂ ತೂಕ ಇಳಿಯಿತು. ಎರಡರಲ್ಲೂ ಒಂದು ಕಡೆ ಬಂದು ನಿಂತುಬಿಟ್ಟಿತು. ನಿಂತ ಕಾರಣ ಮಾತ್ರ ಬೇರೆ ಬೇರೆ.

ಪಾಯಿಂಟ್ಸ್ ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತು. ಪ್ರತಿ ತಿನಿಸಿಗೂ ಒಂದು ಅಂಕಿ, ದಿನಕ್ಕೆ ಇಷ್ಟೇ ಅಂತ ಮಿತಿ. ಆದರೆ ಈ ಅಂಕಿ ಹಾಕುವ ಸೂತ್ರ ಹಲವು ಸಲ ಬದಲಾಗಿದೆ, ಲೋ ಕಾರ್ಬ್ ಜೊತೆ ಬೆರೆಸುವವರಿಗೆ ಅದೇ ಮುಖ್ಯ. ತೂಕ ಇಳಿಸುವ ಕಾರ್ಯಕ್ರಮ ನಡೆಸುವ ವೇಟ್ ವಾಚರ್ಸ್ ಕಂಪನಿ 1997ರಲ್ಲಿ ಅಮೆರಿಕದಲ್ಲಿ ಇದನ್ನು ಶುರುಮಾಡಿದಾಗ ಕ್ಯಾಲೊರಿ, ಕೊಬ್ಬು, ನಾರು ನೋಡುತ್ತಿದ್ದರು. 2010ರಲ್ಲಿ ಕ್ಯಾಲೊರಿ ಕೈಬಿಟ್ಟು ಪ್ರೋಟೀನ್, ಕಾರ್ಬ್, ಕೊಬ್ಬು, ನಾರಿಗೆ ಬಂದರು. 2015ರ ಕೊನೆಗೆ ಬಂದ ಸ್ಮಾರ್ಟ್‌ಪಾಯಿಂಟ್ಸ್‌ನಲ್ಲಿ ಕ್ಯಾಲೊರಿಯಿಂದ ಲೆಕ್ಕ ಶುರುವಾಗುತ್ತಿತ್ತು, ಸಕ್ಕರೆ ಮತ್ತು ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆಯಲ್ಲಿರುವಂಥದ್ದು) ಅಂಕಿ ಏರಿಸುತ್ತಿದ್ದವು, ಪ್ರೋಟೀನ್ ಇಳಿಸುತ್ತಿತ್ತು. 2017ರಲ್ಲಿ ಸೊನ್ನೆ ಪಾಯಿಂಟ್‌ನ ಪಟ್ಟಿ 200 ದಾಟಿತು: ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿಯ ಎದೆಭಾಗ, ಕಾಳುಗಳು, ಹಣ್ಣುಗಳು. ಆಮೇಲೂ ಬದಲಾಗಿದೆ, ಬಿಡಿ. ನಾನು ಹಿಡಿದುಕೊಂಡದ್ದು ಈ 2017ರ ಲೆಕ್ಕವನ್ನೇ. ದಿನಕ್ಕೆ 23.

ಬರೀ ಪಾಯಿಂಟ್ಸ್‌ನಲ್ಲಿ 84 ಕಿಲೋ ಇದ್ದವನು 80ಕ್ಕೆ ಬಂದೆ. ಅಳತೆ ಕಲಿಸಿದ್ದು ಅದೇ, ಆ ಋಣ ಇದೆ. ಆದರೆ ನನ್ನೊಳಗಿನ ಜಿಪುಣನನ್ನೂ ಅದು ಎಬ್ಬಿಸಿತು. ಬೆಳಗ್ಗೆಯಿಂದ ಪಾಯಿಂಟ್ ಉಳಿಸಿ, ರಾತ್ರಿ ಒಂಬತ್ತಕ್ಕೆ ಎಲ್ಲವನ್ನೂ ಬಿಸ್ಕತ್ತಿಗೆ ಸುರಿಯುವುದು. ಉಳಿದ ಹಸಿವಿಗೆ ಬಾಳೆಹಣ್ಣು, ಯಾಕಂದರೆ ಅದು ಸೊನ್ನೆ. ಒಂದು ದಿನ ನಾಲ್ಕು ತಿಂದೆ. ಮಧ್ಯಮ ಗಾತ್ರದ ಒಂದು ಹಣ್ಣಿಗೆ ಸುಮಾರು 105 ಕ್ಯಾಲೊರಿ, ನಾಲ್ಕಕ್ಕೆ 420. ಲೆಕ್ಕದ ಪುಸ್ತಕದಲ್ಲಿ ಮಾತ್ರ ಸೊನ್ನೆ. ಪಟ್ಟಿಯ ತಪ್ಪಲ್ಲ ಇದು. ಹೊಟ್ಟೆ ತುಂಬುವಷ್ಟು ಅಂತ ಇದ್ದದ್ದನ್ನು ನಾನು ಎಷ್ಟು ಬೇಕಾದರೂ ಅಂತ ಓದಿಕೊಂಡೆ. ಬೇಸರ ಬಂದು ಒಂದಿಷ್ಟು ದಿನ ಬಿಟ್ಟೆ, ಒಂದೂವರೆ ಕಿಲೋ ವಾಪಸ್ ಬಂತು.

ಲೋ ಕಾರ್ಬ್ ಮೊದಲ ವಾರದಲ್ಲೇ ಮೋಡಿ ಮಾಡಿತು. ಎರಡೂವರೆ ಕಿಲೋ ಕಡಿಮೆ! ಅದು ಬಹುತೇಕ ನೀರು ಅಂತ ಆಮೇಲೆ ತಿಳಿಯಿತು. ಮೈ ಕೂಡಿಟ್ಟುಕೊಂಡ ಕಾರ್ಬ್, ಅಂದರೆ ಗ್ಲೈಕೋಜನ್, ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮ್ ನೀರು ಹಿಡಿದುಕೊಂಡಿರುತ್ತದೆ. ಕಾರ್ಬ್ ನಿಂತರೆ ಗ್ಲೈಕೋಜನ್ ಖಾಲಿ, ಅದರ ಹಿಂದೆಯೇ ನೀರೂ ಖಾಲಿ. ಮೂರನೇ ದಿನ ತಲೆನೋವು ಬಂದಿತ್ತು, ಉಪ್ಪು ಹಾಕಿದ ಸಾರು ಕುಡಿದ ಮೇಲೆ ಹೋಯಿತು. ಮಲಬದ್ಧತೆಯೂ ಇತ್ತು. ಆದರೆ ನಿಜವಾದ ಲಾಭ ಬೇರೆ: ರಾತ್ರಿ ಒಂಬತ್ತರ ಹಸಿವು ಮಾಯವಾಯಿತು. ಬಿಸ್ಕತ್ತಿನ ಡಬ್ಬ ಕಣ್ಣೆದುರಿಗಿದ್ದರೂ ಕೈ ಹೋಗಲಿಲ್ಲ. ಪಾಯಿಂಟ್ಸ್ ಮೂರು ತಿಂಗಳಲ್ಲಿ ಕೊಡದ್ದನ್ನು ಇದು ಹತ್ತು ದಿನದಲ್ಲಿ ಕೊಟ್ಟಿತು.

ಐದನೇ ವಾರಕ್ಕೆ 77. ಅಲ್ಲಿಂದ ಮುಂದೆ ಐದು ವಾರ 77 ಬಿಟ್ಟು ಅಲ್ಲಾಡಲಿಲ್ಲ. ದಿನಕ್ಕೆ 30 ಗ್ರಾಮ್ ಕಾರ್ಬ್ ದಾಟುತ್ತಿರಲಿಲ್ಲ, ಮತ್ತೆ ಇದೇನು? ಕೊನೆಗೆ ಒಂದು ಸಂಜೆ ಅಡುಗೆಮನೆಯ ತಕ್ಕಡಿ ಹೊರಗೆ ತೆಗೆದೆ. ದಿನಾ ಕತ್ತರಿಸುವ ಹಾಗೇ ಚೀಸ್ ಕತ್ತರಿಸಿ ಇಟ್ಟೆ. ಪಟ್ಟಿಯಲ್ಲಿರುವ ಒಂದು ತುಂಡು ಅಂದರೆ 28 ಗ್ರಾಮ್. ನನ್ನ ತುಂಡು 61. ಬಾದಾಮಿ ಒಂದು ಹಿಡಿ ಹಾಕಿದೆ: 52 ಗ್ರಾಮ್, ಅಂದರೆ 300 ಕ್ಯಾಲೊರಿ. ಅಂಥ ಹಿಡಿ ದಿನಕ್ಕೆ ಎರಡು ತಿನ್ನುತ್ತಿದ್ದೆ, ಅದೂ ಫ್ರಿಜ್ ಬಾಗಿಲು ತೆರೆದು ನಿಂತುಕೊಂಡೇ. ತಮಾಷೆಗೆ ಹಳೇ ಪಾಯಿಂಟ್ ಪುಸ್ತಕ ತೆಗೆದು ಕೂಡಿಸಿದೆ. ಚೀಸ್ 9. ಬೆಣ್ಣೆ ದೊಡ್ಡ ಚಮಚಕ್ಕೆ 5ರಂತೆ ಎರಡಕ್ಕೆ 10. ಆಲಿವ್ ಎಣ್ಣೆ ದೊಡ್ಡ ಚಮಚಕ್ಕೆ 4ರಂತೆ ಎರಡಕ್ಕೆ 8. ಅಲ್ಲಿಗೇ 27 ಆಯಿತು, ದಿನದ 23 ದಾಟಿತು. ಬಾದಾಮಿ ಇನ್ನೂ ಸೇರಿಯೇ ಇಲ್ಲ.

ಎರಡನ್ನೂ ಬೆರೆಸಿದರೆ ಹೇಗೆ ಅಂತ ಹೊಳೆದದ್ದು ಆ ತಕ್ಕಡಿಯ ಮುಂದೆ. ಹೊಳೆದ ತಕ್ಷಣ ಮಾಡಿದ್ದು ಮಾತ್ರ ಶುದ್ಧ ಪೆದ್ದತನ.

ಎರಡೂ ಪದ್ಧತಿಯ ನಿಯಮವನ್ನು ಪೂರ್ತಿ ಪಾಲಿಸಲು ಹೊರಟೆ. ಇಲ್ಲೇ ಇರುವುದು ನೋಡಿ ತಕರಾರು. ಈ ಎರಡು ಲೆಕ್ಕಗಳು ಅತ್ತೆ ಸೊಸೆ ಇದ್ದ ಹಾಗೆ, ಒಬ್ಬರಿಗೆ ಮೆಚ್ಚಿಗೆಯಾದದ್ದು ಇನ್ನೊಬ್ಬರಿಗೆ ಕಣ್ಣುರಿ. ಒಂದು ಕಪ್ ಬೇಯಿಸಿದ ಕಾಬೂಲ್ ಕಡಲೆ ಪಾಯಿಂಟ್ಸ್‌ನಲ್ಲಿ ಸೊನ್ನೆ. ಲೋ ಕಾರ್ಬ್‌ನಲ್ಲಿ 45 ಗ್ರಾಮ್, ನಾರು ಕಳೆದರೂ 30 ದಾಟುತ್ತದೆ, ಅಲ್ಲಿಗೆ ದಿನದ ಲೆಕ್ಕ ಮುಗಿಯಿತು. ಬಾಳೆಹಣ್ಣು ಅಲ್ಲಿ ಸೊನ್ನೆ, ಇಲ್ಲಿ 27 ಗ್ರಾಮ್. ಬೆಣ್ಣೆ ಇಲ್ಲಿ ಸೊನ್ನೆ, ಅಲ್ಲಿ ಚಮಚಕ್ಕೆ 5. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಬಚಾವಾದದ್ದಕ್ಕೆ ಗುರುತು ಹಾಕುತ್ತಾ ಹೋದೆ. ಉಳಿದದ್ದು ಕೋಳಿಯ ಎದೆಭಾಗ, ಮೀನು, ಮೊಟ್ಟೆ, ಸೊಪ್ಪು, ಸೌತೆಕಾಯಿ. ಅಷ್ಟೇ.

ನಾಲ್ಕು ದಿನ ತಡೆದೆ. ಎಣ್ಣೆ ಸೋಕದ ಕೋಳಿ ಬಾಯಲ್ಲಿ ಹತ್ತಿಯ ಹಾಗೆ. ಎಷ್ಟು ತಿಂದರೂ ಊಟ ಆಯಿತು ಅನ್ನಿಸುತ್ತಿರಲಿಲ್ಲ, ಮೆಟ್ಟಿಲು ಹತ್ತಲು ಬೇಜಾರು, ಮಾತಾಡಿದವರ ಮೇಲೆಲ್ಲ ಸಿಡುಕು. ಯೋಚಿಸಿದರೆ ಸರಿಯೇ ಅಲ್ವಾ? ಮೈಗೆ ಉರಿಸಲು ಕಾರ್ಬ್ ಬೇಕು, ಇಲ್ಲಾ ಕೊಬ್ಬು ಬೇಕು. ನಾನು ಎರಡರ ಬಾಗಿಲನ್ನೂ ಒಟ್ಟಿಗೆ ಹಾಕಿದ್ದೆ. ಕೊಬ್ಬಿಲ್ಲದ ಮೊಲದ ಮಾಂಸವೊಂದನ್ನೇ ತಿಂದು ಬದುಕಬೇಕಾದ ಬೇಟೆಗಾರರು ಹೊಟ್ಟೆ ತುಂಬಿದ್ದರೂ ನಿತ್ರಾಣರಾಗುತ್ತಿದ್ದರಂತೆ. ಅದಕ್ಕೆ ಮೊಲದ ಹಸಿವು ಅಂತಲೇ ಹೆಸರಿದೆ. ನನ್ನದು ನಾಲ್ಕು ದಿನದ ಕೋಳಿ ಹಸಿವು. ಐದನೇ ದಿನ ಸಂಜೆ ಅರ್ಧ ಬ್ರೆಡ್ ಪ್ಯಾಕೆಟ್ ಒಬ್ಬನೇ ಮುಗಿಸಿದೆ. ಎಣಿಸಲಿಲ್ಲ.

ಆಮೇಲೆ ಕೂತು ಕೆಲಸ ಹಂಚಿದೆ. ಒಂದು ಪದಾರ್ಥಕ್ಕೆ ಒಂದೇ ಲೆಕ್ಕ, ಎರಡು ಸಲ ತೆರಿಗೆ ಇಲ್ಲ. ಅನ್ನ, ಬ್ರೆಡ್, ಆಲೂಗಡ್ಡೆ, ಹಣ್ಣು, ಕಾಳು ಬಂದರೆ ಕಾರ್ಬ್ ಗ್ರಾಮ್ ಮಾತ್ರ ನೋಡುತ್ತೇನೆ, ನಾರು ಕಳೆದು ದಿನಕ್ಕೆ 80. ಎಣ್ಣೆ, ಬೆಣ್ಣೆ, ಚೀಸ್, ಬಾದಾಮಿಯಂಥವು ಬಂದರೆ ಪಾಯಿಂಟ್ ಮಾತ್ರ, ದಿನಕ್ಕೆ 14. ಮೊಟ್ಟೆ, ಮೀನು, ಕೋಳಿ, ಸೊಪ್ಪು ತರಕಾರಿ ಎಣಿಸುವುದೇ ಇಲ್ಲ. 14 ಎಲ್ಲಿಂದ ಬಂತು? ಯಾವ ಶಾಸ್ತ್ರವೂ ಇಲ್ಲ. 23ರಲ್ಲಿ ಕಾರ್ಬ್‌ಗೆ ಅಂತ ಒಂದು ಅಂದಾಜಿಗೆ 9 ಎತ್ತಿಟ್ಟೆ, ಉಳಿದದ್ದು ಅದು. ಫ್ರಿಜ್ ಬಾಗಿಲ ಮೇಲೆ ಒಂದು ಚೀಟಿ, ನಡುವೆ ಗೆರೆ. ಎಡಗಡೆ ಗ್ರಾಮ್, ಬಲಗಡೆ ಪಾಯಿಂಟ್. ಚೀಸ್ 28 ಗ್ರಾಮ್‌ಗೆ 4 ಅಂತ ಬಲಗಡೆ ಬರೆಯುವುದು ಶುರುವಾದ ಮೇಲೆ ನನ್ನ ತುಂಡು ತಾನಾಗಿಯೇ ಸಣ್ಣದಾಯಿತು.

ಐದು ತಿಂಗಳಾಯಿತು, 71.6ಕ್ಕೆ ಬಂದಿದ್ದೇನೆ. ವಾರಕ್ಕೆ ಕಾಲು ಕಿಲೋ, ಕೆಲವು ವಾರ ಏನೂ ಇಲ್ಲ. 80 ಗ್ರಾಮ್‌ಗೆ ಕೀಟೋ (ತೀರಾ ಕಡಿಮೆ ಕಾರ್ಬ್‌ನ ಪಥ್ಯ) ಅನ್ನುವುದಿಲ್ಲ, ಅದು ಸಾಮಾನ್ಯವಾಗಿ 50ಕ್ಕಿಂತ ಕೆಳಗೆ. ನನಗೆ ಅದು ಬೇಕಾಗಿಯೂ ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ಹಸಿವಾಗದಿದ್ದರೆ ಸಾಕಿತ್ತು, 80ರಲ್ಲೂ ಆಗುವುದಿಲ್ಲ.

ಬರೀ ಪಾಯಿಂಟ್ಸ್ ಒಳ್ಳೆಯದಾ, ಬರೀ ಲೋ ಕಾರ್ಬ್ ಒಳ್ಳೆಯದಾ ಅಂತ ಕೇಳಿದರೆ ನನ್ನ ತಕ್ಕಡಿಗಿಂತ ದೊಡ್ಡ ತಕ್ಕಡಿಗಳಿವೆ. 2005ರಲ್ಲಿ ಬಾಸ್ಟನ್‌ನಲ್ಲಿ 160 ಜನರನ್ನು ನಾಲ್ಕು ಪಥ್ಯಗಳಿಗೆ ಹಂಚಿ ಒಂದು ವರ್ಷ ನೋಡಿದ್ದರು. ಲೋ ಕಾರ್ಬ್‌ನ ಅಟ್ಕಿನ್ಸ್‌ನಲ್ಲಿ ಸರಾಸರಿ 2.1 ಕಿಲೋ ಇಳಿಯಿತು, ವೇಟ್ ವಾಚರ್ಸ್‌ನಲ್ಲಿ 3 ಕಿಲೋ. ಪಥ್ಯ ಪಥ್ಯಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಯಾವುದೇ ಆಗಲಿ, ಬಿಡದೆ ಪಾಲಿಸಿದವರಿಗೆ ಜಾಸ್ತಿ ಇಳಿದಿತ್ತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರಲ್ಲಿ ಲೋ ಫ್ಯಾಟ್, ಲೋ ಕಾರ್ಬ್ ಹೋಲಿಸಿದಾಗಲೂ ವರ್ಷದ ಕೊನೆಗೆ 5.3 ಮತ್ತು 6 ಕಿಲೋ, ಹೆಚ್ಚು ಕಡಿಮೆ ಒಂದೇ. ಹಾಗಾಗಿ ನನ್ನ ಪ್ರಶ್ನೆ ಇಷ್ಟೇ ಇತ್ತು: ಆರನೇ ತಿಂಗಳಲ್ಲೂ ನಾನು ಯಾವುದನ್ನು ಮಾಡುತ್ತಿರುತ್ತೇನೆ? ಬೆಳಗ್ಗೆ ಮೊಟ್ಟೆ ಸಾಕು ಅನ್ನುವವನು ನಾನು, ಸಿಹಿ ಅಷ್ಟಕ್ಕಷ್ಟೇ, ಚೀಸ್ ಮುಂದೆ ಮಾತ್ರ ಮನಸ್ಸು ಸೋಲುತ್ತದೆ. ನಿಮ್ಮ ದೌರ್ಬಲ್ಯ ಸಿಹಿಯಾಗಿದ್ದು, ಬೆಣ್ಣೆ ಬೇಡ ಅನ್ನುವವರಾದರೆ ಬರೀ ಲೋ ಕಾರ್ಬೇ ಸಾಕಾಗಬಹುದು.

ದುಡ್ಡಿನ ಮಾತು. ಪಾಯಿಂಟ್ಸ್‌ಗೆ ಅಂತ ತಿಂಗಳ ಚಂದಾ ಕಟ್ಟುತ್ತಿದ್ದೆ, ನಿಲ್ಲಿಸಿದೆ. ಕೊಬ್ಬಿನ ಹತ್ತು ಪದಾರ್ಥದ ಅಂಕಿ ಬಾಯಿಪಾಠ ಆಗಿಹೋಗಿದೆ, ಅದಕ್ಕೆ ಆ್ಯಪ್ ಯಾಕೆ? ಲೋ ಕಾರ್ಬ್‌ನಲ್ಲಿ ಚೀಸ್, ಬಾದಾಮಿ, ಮೀನಿನ ಖರ್ಚು ಏರಿತ್ತು. ಈಗ ಮೊದಲೆರಡು ಅರ್ಧಕ್ಕಿಳಿದಿವೆ, ಚಂದಾದ ಹಣ ಮೀನಿಗೆ ಹೋಗುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಡೋಸ್ ಹಾಗೇ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಹೊರಗೆ ಊಟಕ್ಕೆ ಹೋದಾಗ ಎರಡು ಲೆಕ್ಕವೂ ಬಂದ್. ಬ್ರೆಡ್ ಬುಟ್ಟಿಯನ್ನು ಎದುರಿಗೆ ಕೂತವರ ಕಡೆ ತಳ್ಳುತ್ತೇನೆ, ಅಷ್ಟೇ. ಇನ್ನೂ ಬಗೆಹರಿಯದೆ ಉಳಿದಿರುವುದು ಬಾದಾಮಿ ಡಬ್ಬ ಒಂದೇ. ಅದೀಗ ಎಲ್ಲಕ್ಕಿಂತ ಮೇಲಿನ ಶೆಲ್ಫ್‌ನಲ್ಲಿದೆ. ಸ್ಟೂಲ್ ಎಲ್ಲಿದೆ ಅಂತಲೂ ನನಗೆ ಗೊತ್ತು.