ಮೂರು ಕಾಂಪೌಂಡ್ ಬಿಲ್ಲು, ಒಂದು ಪಾಗಾರ

ತುದಿಗಳಲ್ಲಿ ಕ್ಯಾಮ್ ಎಂಬ ರಾಟೆ ಇರುವ ಹೊಸ ಕಾಂಪೌಂಡ್ ಬಿಲ್ಲು ತಗೊಳ್ತೇನೆ ಅಂದಾಗ ಪಕ್ಕದ ಮನೆಯ ಅಕ್ಕ ಕೇಳಿದ್ರು, "ಕಾಂಪೌಂಡಿಗೆ ಹೊಡೆಯುವ ಬಿಲ್ಲಾ ಅದು?" ತಮಾಷೆಗೇ ಕೇಳಿದ್ದು, ಆದರೆ ಪೂರ್ತಿ ಸುಳ್ಳೂ ಅಲ್ಲ. ಕಳೆದ ವರ್ಷ ನನ್ನ ಒಂದು ಬಾಣ ತೋಟದ ಹಿಂದಿನ ಪಾಗಾರಕ್ಕೇ, ಅಂದರೆ ಕಾಂಪೌಂಡ್ ಗೋಡೆಗೇ, ಹೋಗಿ ಬಡಿದಿತ್ತು. ಕೆಂಪುಕಲ್ಲಿನಿಂದ ಉಗುರಿನಷ್ಟು ಚೂರು ಹಾರಿತು, ಕಾರ್ಬನ್ ಬಾಣ ತುದಿಯಿಂದ ಗೇಣುದ್ದ ಸೀಳಿತು. ತಪ್ಪು ಬಿಲ್ಲಿನದಲ್ಲ, ನನ್ನದೇ. ಗುರಿ ಹಿಡಿಯುವ ಸೈಟಿನ ಚುಕ್ಕೆ ಗುರಿಯ ಮೇಲೆ ನಿಲ್ಲದೆ ಓಡಾಡುತ್ತಿತ್ತು, ನಡುವಿನ ಹಳದಿ ದಾಟುವಾಗ ಗಾಬರಿಯಲ್ಲಿ ದಾರ ಬಿಡಿಸುವ ಟ್ರಿಗರ್ ಗುದ್ದಿಬಿಟ್ಟೆ.

ಹಾಗಾಗಿ ಈ ಸಲ ನೋಡಿದ್ದು ಒಂದೇ. ಪೂರ್ತಿ ಎಳೆದು ಹಿಡಿದಾಗ ಚುಕ್ಕೆ ಎಷ್ಟು ಸುಮ್ನೆ ನಿಲ್ಲುತ್ತದೆ? ಉಡುಪಿ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ, 30 ಮೀಟರಿನಲ್ಲಿ, ಎರಡು ಭಾನುವಾರ ಮೂರು ಬಿಲ್ಲು ಹೊಡೆದು ನೋಡಿದೆ. ಮೂರರ ಎಳೆತದ ಭಾರವೂ 50 ಪೌಂಡ್, ಡ್ರಾ ಲೆಂತ್ (ದಾರ ಹಿಂದಕ್ಕೆ ಎಳೆಯುವ ಉದ್ದ) 28 ಇಂಚು.

ಮೊದಲನೆಯದು ನನ್ನ ಹಳೆಯದೇ, ಡೈಮಂಡ್ ಇನ್ಫಿನಿಟ್ ಎಡ್ಜ್ ಪ್ರೊ. ಆಕ್ಸಲಿನಿಂದ ಆಕ್ಸಲಿಗೆ, ಅಂದರೆ ಒಂದು ಕ್ಯಾಮಿನಿಂದ ಇನ್ನೊಂದಕ್ಕೆ, 31 ಇಂಚು, ತೂಕ ಮೂರು ಪೌಂಡ್ ಚಿಲ್ಲರೆ. ಎಳೆತ 5 ಪೌಂಡಿನಿಂದ 70 ಪೌಂಡ್, ಡ್ರಾ ಲೆಂತ್ 13 ಇಂಚಿನಿಂದ 31 ಇಂಚು, ಎಲ್ಲ ಅಲೆನ್ ಕೀಯಲ್ಲೇ ಬದಲಾಗುತ್ತದೆ, ಬಿಲ್ಲನ್ನು ಒತ್ತಿ ಹಿಡಿದು ದಾರ ಸಡಿಲಿಸುವ ಪ್ರೆಸ್ ಬೇಡ. ಬೌ ಪ್ರೆಸ್ ಇಲ್ಲದ ನನ್ನಂಥವನಿಗೆ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಲೆಟ್-ಆಫ್ 80 ಶೇಕಡಾ, ಅಂದರೆ 50 ಪೌಂಡ್ ಎಳೆದು ಮುಗಿಸಿದ ಮೇಲೆ ಕೈಗೆ ಉಳಿಯುವುದು 10 ಪೌಂಡ್. ಸುಖವೇ. ಆದರೆ ಬಿಲ್ಲು ಚಿಕ್ಕದಾದಷ್ಟೂ ದಾರ ಚೂಪಾಗಿ ಮಡಚುತ್ತದೆ, ಪ್ರತಿ ಸಲ ಒಂದೇ ಕಡೆ ಹಿಡಿಯಲು ಅದು ಮೂಗಿಗೆ ತಾಗಬೇಕು, ನನಗೆ ತಾಗುವುದಿಲ್ಲ, ಕತ್ತು ಮುಂದೆ ಹಾಕಬೇಕಾಗುತ್ತದೆ. ಮೇಲಿಂದ ಬಿಲ್ಲು ಹಗುರ, ಅದಕ್ಕೇ ಸಣ್ಣ ಗಾಳಿಗೂ ಚುಕ್ಕೆ ಅಲ್ಲಾಡುತ್ತದೆ.

ಎರಡನೆಯದು ಹೋಯ್ಟ್ ಇನ್ವಿಕ್ಟಾ 37, ಬೆಂಗಳೂರಿನ ದೋಸ್ತಿಯದ್ದು. ಹೆಸರಲ್ಲೇ ಉದ್ದ ಉಂಟು. ಲೆಟ್-ಆಫ್ 65ಕ್ಕೆ ಇಟ್ಟಿದ್ದ. ಕೈಯಲ್ಲಿ ಉಳಿಯುವುದು ಹದಿನೇಳೂವರೆ ಪೌಂಡ್. ಮೊದಲ ಹತ್ತು ಬಾಣಕ್ಕೆ ಇದೆಂಥ ಶಿಕ್ಷೆ ಅನಿಸಿತು. ಆಮೇಲೆ ಗೊತ್ತಾಯಿತು, ಆ ಜಾಸ್ತಿ ಭಾರವೇ ಬೆನ್ನನ್ನು ಎಚ್ಚರವಾಗಿ ಇಡುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಕ್ಯಾಮ್ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಬಾವಿಯ ರಾಟೆಯಲ್ಲಿ ತುಂಬಿದ ಕೊಡ ಕೈ ಜಾರಿದ ಹಾಗೆ. ಹಾಗಾಗಿ ಬಿಡುವ ಪ್ರಶ್ನೆಯೇ ಇಲ್ಲ, ಎಳೆಯುತ್ತಲೇ ಇರಬೇಕು, ಎಳೆಯುತ್ತಾ ಇದ್ದರೆ ಚುಕ್ಕೆ ತಾನಾಗಿ ನಿಲ್ಲುತ್ತದೆ. ಎರಡನೇ ಭಾನುವಾರ ಆರು ಬಾಣ ಬಟ್ಟಲಿನಷ್ಟು ಜಾಗದಲ್ಲಿ ಕೂತವು. ಒಂದರ ನಾಕನ್ನು, ಅಂದರೆ ದಾರಕ್ಕೆ ಸಿಕ್ಕಿಸುವ ಹಿಂದಿನ ತುದಿಯನ್ನು, ಇನ್ನೊಂದು ಒಡೆಯಿತು. ಅದು ನಷ್ಟವೇ, ಆದರೂ ನಗು ಬಂತು.

ಮೂರನೆಯದು ಮ್ಯಾಥ್ಯೂಸ್ ಟಿಆರ್‌ಎಕ್ಸ್ 38, ಮಣಿಪಾಲದಲ್ಲಿ ಓದುವ ಹುಡುಗನದು. ಅಲ್ಲಾಡದ ಹಾಗೆ ಸಿಕ್ಕಿಸುವ ಸ್ಟೆಬಿಲೈಸರ್ ಕೋಲು ಸೇರಿ ಭಾರ ಚೆನ್ನಾಗಿಯೇ ಉಂಟು. ನಿಲ್ಲುವುದರಲ್ಲಿ ಮೂರರಲ್ಲಿ ಇದೇ ಮೇಲು, ಸುಳ್ಳು ಹೇಳುವುದಿಲ್ಲ, ಬಾಣ ಬಿಟ್ಟ ಮೇಲೆ ಕೈಗೆ ಬರುವ ನಡುಕವೂ ಕಡಿಮೆ. ಆದರೆ ಡ್ರಾ ಲೆಂತ್ ಬದಲಿಸಬೇಕಾದರೆ ಕ್ಯಾಮಿಗೆ ಕೂರಿಸುವ ಆ ಅಳತೆಯ ಮಾಡ್ಯೂಲ್ ಬೇರೆ ತರಿಸಬೇಕು. ನನ್ನ ಅಳತೆ ಇಪ್ಪತ್ತೆಂಟೋ ಇಪ್ಪತ್ತೇಳೂವರೆಯೋ ನನಗೇ ಇನ್ನೂ ಅನುಮಾನ. ಅಮೆರಿಕದಿಂದ ಬರುವ ಬೆರಳಿನಷ್ಟು ಲೋಹಕ್ಕೆ ಕಸ್ಟಮ್ಸ್ ಕಟ್ಟಿ ಕಾಯುವ ತಾಳ್ಮೆ ನನಗಿಲ್ಲ.

ವೇಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕ್ಯಾಟಲಾಗಿನಲ್ಲಿ ಬಾಣದ ವೇಗಕ್ಕೆ ಕೊಡುವ ಐಬಿಒ ಅಂಕಿ ಸಾಮಾನ್ಯವಾಗಿ 70 ಪೌಂಡ್ ಎಳೆತ, 30 ಇಂಚು ಡ್ರಾ ಲೆಂತ್, 350 ಗ್ರೇನ್ ತೂಕದ ಬಾಣದ ಲೆಕ್ಕ. ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ಸ್ಪರ್ಧೆಯಲ್ಲಿ 60 ಪೌಂಡಿಗಿಂತ ಮೇಲೆ ಬಿಡುವುದೇ ಇಲ್ಲ. ನಮ್ಮಲ್ಲಿ ಬೇಟೆಯೂ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಉಂಟು. ಮತ್ತೆ ಆ ಅಂಕಿ ಇಟ್ಟುಕೊಂಡು ಎಂಥ ಮಾಡುವುದು? ಸ್ಪರ್ಧೆ ಅಂದರೆ 50 ಮೀಟರಿನಲ್ಲಿ 80 ಸೆಂಟಿಮೀಟರಿನ ಗುರಿ, 72 ಬಾಣ. ಅದರಲ್ಲಿ ಕೊನೆಯ ಬಾಣಕ್ಕೂ ಕೈ ನಿಂತರೆ ಸಾಕು.

ಮಳೆಗಾಲದ ಕಾಟ ಮೂರಕ್ಕೂ ಒಂದೇ. ಬಟ್ಟೆಯಲ್ಲಿ ಒರೆಸಬೇಕು, ದಾರಕ್ಕೆ ಮೇಣ ಹಚ್ಚಬೇಕು, ಬ್ಯಾಗಿನೊಳಗೆ ಒದ್ದೆಯಾಗಿ ಇಟ್ಟರೆ ಸ್ಕ್ರೂ ತುಕ್ಕು. ಬೇಸಿಗೆಯಲ್ಲಿ ಮಂಗಳೂರಿನ ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಬಿಸಿಗೆ ದಾರ ಹಿಗ್ಗುತ್ತದೆ. ಮತ್ತೆ ನೋಡಲು ಬಂದವರ ಕೈಗೆ ಬಾಣ ಇಲ್ಲದ ಬಿಲ್ಲು ಕೊಡಲೇಬೇಡಿ. ಖಾಲಿ ಎಳೆದು ಬಿಟ್ಟರೆ ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ಕ್ಯಾಮ್ ಬಗ್ಗಬಹುದು.

ನಾನು ಇನ್ವಿಕ್ಟಾ 37ಕ್ಕೇ ಹೇಳಿದೆ. ದಾರ ಬದಲಿಸಲು ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕು, ಅದು ಗೊತ್ತಿದ್ದೇ ತಗೊಂಡದ್ದು. ಹಳೆಯದನ್ನು ಮಾರಿಲ್ಲ. ಅಣ್ಣನ ಮಗಳು ಅದನ್ನು 20 ಪೌಂಡಿಗೆ ಇಳಿಸಿಕೊಂಡು ಹೊಡೆಯುತ್ತಿದ್ದಾಳೆ, ಇನ್ನೂ ಒಂದು ಬಾಣವನ್ನೂ ಪಾಗಾರಕ್ಕೆ ಹಾಕಿಲ್ಲ.