ಏರ್ ರೈಫಲ್ ಪೆಲೆಟ್ ತೂಗುವ ಮಿಲಿಗ್ರಾಂ ತಕ್ಕಡಿ: ಶಿರಸಿ ಮಳೆಗಾಲ ದಾಟಿದ ಮೇಲಿನ ಅನುಭವ

ಅಂಗೈಯಗಲದ ಡಿಜಿಟಲ್ ತಕ್ಕಡಿ ಇದು. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರು ತೋಟಾಗಳನ್ನು ತಾವೇ ತುಂಬಿಕೊಳ್ಳುವಾಗ ಸಿಡಿಮದ್ದು ತೂಗಲು ಇಂಥದ್ದನ್ನೇ ಬಳಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಅದು ಹಾಗೇ ಇರಲಿ ಅಂತಲೇ ನನ್ನ ಆಸೆ. ನಾನು ತಗೊಂಡಿದ್ದು 10 ಮೀಟರ್ ಏರ್ ರೈಫಲ್ ಅಭ್ಯಾಸದ ಪೆಲೆಟ್‌ಗಳನ್ನು (ಸೀಸದ ಪುಟ್ಟ ಗುಂಡುಗಳನ್ನು) ತೂಕ ನೋಡಿ ಬೇರೆ ಮಾಡಲು. ಧೈರ್ಯವಾಗಿ ತಗೊಳ್ಳಿ, ಆದರೆ ಪರದೆ ಮೇಲಿನ ಕೊನೆಯ ಅಂಕಿಯ ಹಿಂದೆ ಬೀಳಬೇಡಿ.

ಯಾಕೆ ಅಂದರೆ, ಸ್ಪರ್ಧೆಯ ಪೆಲೆಟ್ ಸುಮಾರು 0.53 ಗ್ರಾಂ ಇರುತ್ತದೆ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ 10 ಮೀಟರ್ ದಾಟುವಷ್ಟರಲ್ಲಿ ಅದು 17 ಮಿ.ಮೀ. ಆಸುಪಾಸು ಕೆಳಗೆ ಬೀಳುತ್ತದೆ. 5 ಮಿಲಿಗ್ರಾಂ ವ್ಯತ್ಯಾಸ ಇದ್ದರೆ ಪೆಟ್ಟು ಬೀಳುವ ಜಾಗ ಲೆಕ್ಕದಲ್ಲಿ ಸುಮಾರು 0.16 ಮಿ.ಮೀ. ಸರಿಯುತ್ತದೆ. ಗುರಿಹಲಗೆಯ ಹತ್ತರ ಚುಕ್ಕಿಯೇ 0.5 ಮಿ.ಮೀ. ಇರುವಾಗ ಅದು ಸಣ್ಣದಲ್ಲ ಅಲ್ವಾ? ಆದರೆ 1 ಮಿಲಿಗ್ರಾಂಗಾಗಿ ತಲೆ ಕೆಡಿಸಿಕೊಂಡರೆ ಸುಮ್ನೆ ಕಣ್ಣು ನೋವು. ನಾನು 5 ಮಿಲಿಗ್ರಾಂಗೊಂದು ಗುಂಪು ಮಾಡುತ್ತೇನೆ, ಅಷ್ಟೇ. ಪೆಲೆಟ್‌ನ ತಲೆಯ ಅಳತೆ 4.49, 4.50, 4.51 ಮಿ.ಮೀ. ಅಂತ ಬೇರೆ ಬೇರೆ ಸಿಗುತ್ತದಲ್ಲ, ನಿಮ್ಮ ನಳಿಗೆಗೆ ಹೊಂದುವುದನ್ನು ಮೊದಲು ಹುಡುಕಿಕೊಳ್ಳಿ. ತೂಕ ಆಮೇಲೆ.

ತಕ್ಕಡಿ ಸರಿಹೊಂದಿಸಲು ಜೊತೆಗೆ ಬಂದ 20 ಗ್ರಾಂ ತೂಕದ ಬಟ್ಟನ್ನು ಪರಿಚಯದ ಬಂಗಾರದ ಅಂಗಡಿಯಲ್ಲಿ ತೂಗಿಸಿದೆ. ಸ್ವಲ್ಪ ಜಾಸ್ತಿಯೇ ತೋರಿಸಿತು. ಪೆಲೆಟ್ ವಿಂಗಡಿಸುವವರಿಗೆ ಇದು ದೊಡ್ಡ ಸಮಸ್ಯೆ ಅಲ್ಲ, ಒಂದೇ ಪೆಲೆಟ್ ಎಷ್ಟು ಸಲ ಇಟ್ಟರೂ ಒಂದೇ ತೂಕ ಬರಬೇಕು, ಅದು ಬರುತ್ತದೆ. ಮದ್ದು ತೂಗುವವರಿಗೆ ಮಾತ್ರ ಇದು ಪ್ರಾಣದ ವಿಷಯ. ಇನ್ನೊಂದು ದೋಷವೂ ಅವರಿಗೇ ಜಾಸ್ತಿ ತಾಗುತ್ತದೆ: ಇಂಥ ತಕ್ಕಡಿ ತಾನೇ ಸೊನ್ನೆ ಸರಿಮಾಡಿಕೊಳ್ಳುತ್ತಿರುತ್ತದೆ, ಹಾಗಾಗಿ ಕಾಳುಕಾಳಾಗಿ ನಿಧಾನಕ್ಕೆ ಉದುರಿಸಿದರೆ ಸೇರಿದ್ದೇ ಅದಕ್ಕೆ ಗೊತ್ತಾಗುವುದಿಲ್ಲ. ಬಟ್ಟಲು ಎತ್ತಿ ಮತ್ತೆ ಇಟ್ಟರೆ ಸರಿಯಾದ ತೂಕ ತೋರಿಸುತ್ತದೆ. ಪೆಲೆಟ್ ಒಮ್ಮೆಲೇ ಇಡುವುದರಿಂದ ನನಗೆ ಆ ತೊಂದರೆ ಬಂದಿಲ್ಲ.

ನಮ್ಮ ಊರಿನ ನಿಜವಾದ ಪರೀಕ್ಷೆ ಅಂದರೆ ಆಷಾಢದ ಥಂಡಿ. ಗೋಡೆಗೇ ಬೂಸ್ಟು ಬರುವ ಕಾಲದಲ್ಲಿ ಸೆಲ್ ಕೂರುವ ಸ್ಪ್ರಿಂಗ್ ಹಸಿರುಗಟ್ಟಿತು, ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ತಕ್ಕಡಿ ಮತ್ತೆ ಆನ್ ಆಯಿತು. ಈಗ ಕೆಲಸ ಮುಗಿದ ಕೂಡಲೇ ಸೆಲ್ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಕಾರವಾರದ ಕಡೆ ಉಪ್ಪುಗಾಳಿ ಬೇರೆ, ಅಲ್ಲಿನವರು ಇನ್ನೂ ಹುಷಾರಾಗಿರಬೇಕು. ಪೆಲೆಟ್ ಡಬ್ಬಿಯನ್ನೂ ಹಾಗೇ ಇಡಿ, ಥಂಡಿ ಹಿಡಿದ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಲೇಬೇಡಿ.

ತೂಗುವಾಗ ಫ್ಯಾನ್ ಬಂದ್ ಮಾಡಿ, ಕಿಟಕಿ ಹಾಕಿ. ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಅಂಕಿ ಅಲ್ಲಾಡುವುದು ನಿಲ್ಲುತ್ತದೆ. ನನಗೆ ಇವತ್ತಿಗೂ ಸಿಟ್ಟು ಬರಿಸುವುದು ಅದು ತಾನಾಗಿ ಆಫ್ ಆಗುವುದು. ಫೋನ್ ಬಂತು ಅಂತ ಎದ್ದು ಹೋಗಿ ಬಂದರೆ ಮತ್ತೆ ಮೊದಲಿಂದ ಕಾಯಬೇಕು. ಇದನ್ನು ನಿಲ್ಲಿಸುವ ಗುಂಡಿ ಇರುವ ಮಾದರಿ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಅದನ್ನೇ ತಗೊಳ್ಳಿ.