ಸ್ಪೆಕ್ಟ್ರಮ್‌ಗೆ ಹೊಸ ಕನ್ಸೋಲ್ ತರಿಸಿ, ಹಳೇ ಡಿಎಸ್ ಲೈಟ್‌ಗೇ ವಾಪಸ್ ಬಂದೆ

ಹೋದ ತಿಂಗಳು 5,500 ರೂಪಾಯಿ ಕೊಟ್ಟು ಚೀನಾದ ಹೊಸ ಕೈ ಕನ್ಸೋಲ್ ಒಂದನ್ನು ತರಿಸಿದೆ. ಈಗ ಅದು ಮಗನ ಹತ್ತಿರ ಇದೆ. ನಾನು ಮತ್ತೆ ನಿಂಟೆಂಡೊ ಡಿಎಸ್ ಲೈಟ್ ಹಿಡಿದು ಕೂತಿದ್ದೇನೆ, ಎರಡು ಪರದೆಯ ಹಳೇ ಕೈ ಕನ್ಸೋಲ್, ಕೆಳಗಿನ ಪರದೆಗೆ ಟಚ್ ಇದೆ. ಸೆಕೆಂಡ್ ಹ್ಯಾಂಡ್ ಮಾಲು, 3,000ಕ್ಕೆ ಸಿಕ್ಕಿದ್ದು.

ನನ್ನ ಹುಚ್ಚು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಝಡ್‌ಎಕ್ಸ್ ಸ್ಪೆಕ್ಟ್ರಮ್ 1982ರ ಬ್ರಿಟಿಷ್ ಮನೆ ಕಂಪ್ಯೂಟರ್. ನಮ್ಮ ದೇಶದಲ್ಲಿ ಡೆಸಿಬೆಲ್ಸ್‌ನವರು ಲೈಸೆನ್ಸ್ ಪಡೆದು ಡಿಬಿ ಸ್ಪೆಕ್ಟ್ರಮ್ ಅಂತ ಮಾರುತ್ತಿದ್ದರು, ಮಾವನ ಮನೆಯಲ್ಲಿ ನಾನು ಕಂಡದ್ದು ಅದನ್ನೇ. ಆಟ ಆಡುವುದು ಕಮ್ಮಿ. ಅದರ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್‌ನಲ್ಲಿ ಕನ್ನಡ ಅಕ್ಷರ ಕೂರಿಸುವುದೇ ನನ್ನ ಕೆಲಸ. ನಾವೇ ಬಿಡಿಸಿಕೊಳ್ಳುವ 21 ಅಕ್ಷರಕ್ಕೆ ಅದರಲ್ಲಿ ಜಾಗ ಇದೆ, ಒಂದೊಂದೂ 8×8 ಚುಕ್ಕಿ. ರ, ಗ ಸಲೀಸು. ಕ್ಷ ಮಾತ್ರ ಎರಡು ಮನೆ ಕೇಳುತ್ತದೆ.

ಹೊಸದರಲ್ಲಿ ಎಡವಿದ್ದು ಇಲ್ಲೇ. ಅದಕ್ಕೆ ಟಚ್ ಇಲ್ಲ. ರೆಟ್ರೋಆರ್ಚ್ ಅನ್ನುವ ಆ್ಯಪ್‌ನಲ್ಲಿ ಫ್ಯೂಸ್ (ಸ್ಪೆಕ್ಟ್ರಮ್ ಥರಾನೇ ನಡೆದುಕೊಳ್ಳುವ ಸಾಫ್ಟ್‌ವೇರ್, ಅಂದರೆ ಎಮ್ಯುಲೇಟರ್) ಹಾಕಿಕೊಂಡು, ಪರದೆ ಮೇಲೆ ಬರುವ 40 ಕೀಗಳ ಕೀಬೋರ್ಡಿನಲ್ಲಿ ಬಾಣದ ಬಟನ್ ಒತ್ತುತ್ತಾ ಒಂದೊಂದು ಅಕ್ಷರದ ಹತ್ತಿರ ನಡೆದುಕೊಂಡು ಹೋಗಬೇಕು. ಆಟದಲ್ಲಿ ಹೆಸರು ಬರೆಯೋಕೆ ಸಾಕು, ಪ್ರೋಗ್ರಾಮ್‌ಗೆ ಅಲ್ಲ. ಚುಕ್ಕಿಗಳ ಒಂದೊಂದು ಸಾಲಿಗೆ ಒಂದು ಸಂಖ್ಯೆಯಂತೆ ಒಂದು ಅಕ್ಷರಕ್ಕೆ ಎಂಟು ಸಂಖ್ಯೆ, ಅಂದರೆ ನಡುವೆ ಏಳು ಕಾಮಾ (,). ಸ್ಪೆಕ್ಟ್ರಮ್‌ನಲ್ಲಿ ಕಾಮಾಗೆ ಸ್ವಂತ ಕೀ ಇಲ್ಲ, ಸಿಂಬಲ್ ಶಿಫ್ಟ್ ಜೊತೆ ಎನ್ ಒತ್ತಬೇಕು. ಅಂಕಿಗಳು ಮೇಲಿನ ಸಾಲಿನಲ್ಲಿ, ಎನ್ ಕೊನೇ ಸಾಲಿನಲ್ಲಿ. ಹಾಗಾಗಿ ಪ್ರತಿ ಸಂಖ್ಯೆ ಆದಮೇಲೆ ಮೂರು ಸಾಲು ಇಳಿ, ಶಿಫ್ಟ್ ಹುಡುಕು, ಎನ್‌ಗೆ ಬಾ, ಮತ್ತೆ ಮೂರು ಸಾಲು ಹತ್ತು. 21 ಅಕ್ಷರಕ್ಕೆ 147 ಕಾಮಾ! ನಾಲ್ಕನೇ ಅಕ್ಷರಕ್ಕೇ ಹೆಬ್ಬೆರಳು ನೋಯಲು ಶುರುವಾಯಿತು.

ಇನ್ನೊಂದು ಕಾಟ, ಈ ಸಂಖ್ಯೆಗಳ ಸಾಲಿನ ಮುಂದೆ ಹಾಕಬೇಕಾದ ‘ಡೇಟಾ’ ಅನ್ನುವ ಪದದ್ದು. ಸ್ಪೆಕ್ಟ್ರಮ್ ಬೇಸಿಕ್‌ನಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಬರೆಯುವ ಹಾಗಿಲ್ಲ, ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಆಮೇಲೆ ಡಿ ಒತ್ತಬೇಕು. ಡಿಎಸ್‌ನ ಕೆಳಗಿನ ಪರದೆಯೂ ಒಂದು ಸಲಕ್ಕೆ ಒಂದೇ ಮುಟ್ಟು ಹಿಡಿಯುತ್ತದೆ, ನಿಜ. ಆದರೆ ಝಡ್‌ಎಕ್ಸ್‌ಡಿಎಸ್ ಎಮ್ಯುಲೇಟರ್‌ನಲ್ಲಿ ಮೇಲಿನ ಎಡ ಬಟನ್‌ಗೆ ಕ್ಯಾಪ್ಸ್ ಶಿಫ್ಟ್, ಬಲಕ್ಕೆ ಸಿಂಬಲ್ ಶಿಫ್ಟ್ ಕೊಟ್ಟುಕೊಂಡಿದ್ದೇನೆ. ಎರಡು ತೋರುಬೆರಳು ಒತ್ತಿ, ಕೆಳಗಿನ ಪರದೆಯ ಕೀಬೋರ್ಡಿನಲ್ಲಿ ಕಡ್ಡಿಯಿಂದ (ಸ್ಟೈಲಸ್) ಡಿ ಕುಟ್ಟಿದರೆ ಮುಗಿಯಿತು. ಕಾಮಾ ಅಂತೂ ಕಣ್ಣು ಮುಚ್ಚಿ ಬರುತ್ತದೆ.

ಚಿತ್ರದ ಮಾತು: ಡಿಎಸ್‌ನ ಒಂದೊಂದು ಪರದೆಯೂ 256×192, ಸ್ಪೆಕ್ಟ್ರಮ್ ಚಿತ್ರವೂ ಅಷ್ಟೇ. ಚುಕ್ಕಿಗೆ ಚುಕ್ಕಿ, ಎಳೆದಾಟ ಇಲ್ಲ. ಅಕ್ಷರ ಬಿಡಿಸುವವನಿಗೆ ಇನ್ನೇನು ಬೇಕು ಹೇಳಿ. ಆದರೆ ಹೀಗೆ ಇಟ್ಟರೆ ಸುತ್ತಲಿನ ಅಂಚಿಗೆ ಜಾಗ ಉಳಿಯುವುದಿಲ್ಲ, ಕ್ಯಾಸೆಟ್ ಲೋಡ್ ಆಗುವಾಗ ಆ ಅಂಚಿನಲ್ಲಿ ಓಡುವ ಬಣ್ಣದ ಪಟ್ಟೆಗಳೂ ಹೋದವು. ಹೊಸದು ಗೆಲ್ಲುವುದು ಇಲ್ಲಿ: 640×480 ಪರದೆ, ಅಂಚು ಸೇರಿದ 320×240 ಚಿತ್ರ ಸರಿಯಾಗಿ ಎರಡು ಪಟ್ಟಾಗಿ ಕೂರುತ್ತದೆ. ಆ ಪಟ್ಟೆ ನೋಡಿ ಒಂದು ಕ್ಷಣ ಮಾವನ ಮನೆ ನೆನಪಾಯಿತು.

ಗೆಳೆಯನ ಪಿಎಸ್‌ಪಿಯಲ್ಲೂ (ಸೋನಿಯ ಹಳೇ ಕೈ ಕನ್ಸೋಲ್) ನೋಡಿದೆ. 480×272 ಪರದೆ. ಹಾಗೇ ಇಟ್ಟರೆ ಚಿತ್ರ ಚಿಕ್ಕದು, ಎಳೆದರೆ ಅಕ್ಷರದ ಗೆರೆ ಒಂದು ದಪ್ಪ, ಒಂದು ತೆಳು. ಅಲ್ಲೂ ಟಚ್ ಇಲ್ಲ. ವಾಪಸ್ ಕೊಟ್ಟೆ.

ಬ್ಯಾಟರಿ ಹೊಸದರದ್ದೇ ಚೆನ್ನ. ಡಿಎಸ್‌ಗೆ ಎಮ್ಯುಲೇಟರ್ ತುಂಬಿಕೊಳ್ಳಲು ಫ್ಲಾಶ್ ಕಾರ್ಡ್ ಬೇಕೇ ಬೇಕು, ಆ ಖರ್ಚು ಬೇರೆ.

ಲ್ಯಾಪ್‌ಟಾಪಲ್ಲಿ ಬರೆದು ಹಾಕಿಕೊಳ್ಳಬಹುದಲ್ವಾ ಅಂತೀರಾ? ಹಾಕಬಹುದು. ನನಗೆ ಬಿಡುವು ಸಿಗುವುದು ಆಫೀಸ್ ಬಸ್ಸಿನಲ್ಲಿ, ಅಲ್ಲಿ ಲ್ಯಾಪ್‌ಟಾಪ್ ಬಿಚ್ಚೋಕೆ ಮೊಣಕೈಗೂ ಜಾಗ ಇರುವುದಿಲ್ಲ. ನೀವು ಬರೀ ಆಟ ಆಡುವವರಾದರೆ ಹೊಸದನ್ನೇ ತಗೊಳ್ಳಿ, ಮಗ ಖುಷಿಯಾಗಿದ್ದಾನೆ. ಟೈಪ್ ಮಾಡುವವರು, ಜೇಬು ಸಣ್ಣದಿರುವವರು ಹಳೇ ಡಿಎಸ್ ಲೈಟ್ ಹುಡುಕಿ. ದುಡ್ಡು ಕೊಡುವ ಮುಂಚೆ ಕೆಳಗಿನ ಪರದೆಯ ನಾಲ್ಕೂ ಮೂಲೆ ಕಡ್ಡಿಯಲ್ಲಿ ಮುಟ್ಟಿ ನೋಡಿ.

ನಿನ್ನೆ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ‘ಳ’ ಮುಗಿಯಿತು.